ಹೇಗೂ ಬೀಳುವ ಹಲ್ಲು ಎಂಬ ಉದಾಸೀನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಅಂಚಿನ ಒಂಟಿ ಮನೆಗಳೇ ಹೆಚ್ಚಾಗಿರುವುದರಿಂದ, ಮಗುವಿನ ಹಲ್ಲು ತೋರಿಸಲು ಪೇಟೆಗೆ ಹೋಗುವುದೆಂದರೆ, ಅದರಲ್ಲೂ ಮಳೆಗಾಲದಲ್ಲಿ, ಒಂದು ದಿನದ ಕೆಲಸ ಬಿಟ್ಟಂತೆಯೇ ಸರಿ. ಹಾಲುಹಲ್ಲು ಹೇಗೂ ಬೀಳುವಂಥದ್ದು ಎಂಬ ನಂಬಿಕೆಯೂ ಇದಕ್ಕೆ ಸೇರಿಕೊಂಡಾಗ, ಹಲ್ಲು ಕಪ್ಪಾದರೂ ಅಲುಗಾಡಿದರೂ ವೈದ್ಯರ ಭೇಟಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆದರೆ ಹಲ್ಲಿನ ಬಣ್ಣ, ಅದರ ಸಡಿಲತೆ ಮತ್ತು ಮಗುವಿನ ವಯಸ್ಸು ಈ ಮೂರನ್ನೂ ಒಟ್ಟಿಗೆ ಗಮನಿಸಿದರೆ, ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದು ಮನೆಯವರಿಗೂ ಸಾಕಷ್ಟು ತಿಳಿಯುತ್ತದೆ.

ಸುಮಾರು ಆರನೆಯ ತಿಂಗಳಿಗೆ ಮೂಡತೊಡಗುವ ಹಾಲುಹಲ್ಲುಗಳು ಎರಡೂವರೆಯಿಂದ ಮೂರು ವರ್ಷದೊಳಗೆ 20 ಆಗುತ್ತವೆ. ಆರು ವರ್ಷದ ಸುಮಾರಿಗೆ, ಒಳಗೆ ಬೆಳೆಯುವ ಶಾಶ್ವತ ಹಲ್ಲು ಮೇಲಿನ ಹಾಲುಹಲ್ಲಿನ ಬೇರನ್ನು ನಿಧಾನವಾಗಿ ಕರಗಿಸುತ್ತ ಬರುವುದರಿಂದ, ಆಧಾರ ತಪ್ಪಿದ ಹಲ್ಲು ಸಡಿಲಗೊಂಡು ಬೀಳುತ್ತದೆ. ಕೊನೆಯ ಹಾಲುದವಡೆಹಲ್ಲು ಬೀಳುವಾಗ ಮಗುವಿಗೆ ಹನ್ನೊಂದು, ಹನ್ನೆರಡು ವರ್ಷವಾಗಿರುತ್ತದೆ. ಅಲ್ಲಿಯವರೆಗೆ ಅವು ಅಗಿಯುವುದಕ್ಕೂ ಮಾತಿಗೂ ನೆರವಾಗುವುದಲ್ಲದೆ, ಮುಂದಿನ ಹಲ್ಲಿಗೆ ಜಾಗ ಕಾದಿಡುತ್ತವೆ; ಒಂದು ಅಕಾಲದಲ್ಲಿ ಹೋದರೆ ಪಕ್ಕದವು ಅಲ್ಲಿಗೆ ವಾಲಿ, ಹೊಸ ಹಲ್ಲು ಸೊಟ್ಟಗೆ ಹುಟ್ಟಬಹುದು.

ಬಣ್ಣಗೆಡಲು ಬಹು ಸಾಮಾನ್ಯ ಕಾರಣ ಹುಳುಕು. ಹುಳ ಹಿಡಿದಿದೆ ಎಂಬ ಮಾತು ರೂಢಿಯಲ್ಲಿದ್ದರೂ ಅಲ್ಲಿ ಹುಳವಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ, ಬೆಲ್ಲದ ಅಂಶವನ್ನು ಆಮ್ಲವಾಗಿಸಿ, ಎನಾಮಲ್ ಎಂಬ ಹಲ್ಲಿನ ಗಟ್ಟಿ ಹೊರಪದರವನ್ನು ಸವೆಸುತ್ತವೆ. ಮೊದಲು ವಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಾಣಿಸಿ, ಆಮೇಲೆ ಅದು ಕಂದಾಗಿ, ಕಡೆಗೆ ಕುಳಿ ಬೀಳುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ, ಸಿಹಿಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಮೇಲಿನ ಮುಂಭಾಗದ ಹಲ್ಲುಗಳು ಮೊದಲು ಕೆಡುತ್ತವೆ. ಕೆಳಗಿನವನ್ನು ನಾಲಗೆ ಮರೆಮಾಡುತ್ತದೆ. ಬಿಳಿ ಗೆರೆಯ ಹಂತದಲ್ಲೇ ಕಂಡುಕೊಂಡರೆ ಫ್ಲೋರೈಡ್ ಲೇಪನದಿಂದ ಹುಳುಕನ್ನು ತಡೆಯಬಹುದು.

ಬಿದ್ದು ಪೆಟ್ಟಾದ ಕೆಲವು ವಾರಗಳ ಮೇಲೆ ಒಂದೇ ಹಲ್ಲು ಬೂದುಬಣ್ಣಕ್ಕೆ ತಿರುಗಿದರೆ, ಹಲ್ಲಿನೊಳಗಿನ ಮಜ್ಜೆಯಲ್ಲಿ, ಅಂದರೆ ನರ ಮತ್ತು ರಕ್ತನಾಳಗಳ ಮೃದು ಭಾಗದಲ್ಲಿ, ರಕ್ತ ಒಸರಿದೆ ಅಥವಾ ಅದರ ಜೀವ ಹೋಗಿದೆ ಎಂದರ್ಥ. ನೋವು, ಬಾವು ಇಲ್ಲದಿದ್ದರೆ ವೈದ್ಯರು ಬಹುಮಟ್ಟಿಗೆ ಅದನ್ನು ಗಮನಿಸುತ್ತ ಹೋಗುತ್ತಾರೆ; ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ, ಕೆನ್ನೆ ಊದಿಕೊಂಡರೆ, ಜ್ವರ ಬಂದರೆ ಒಂದು ದಿನವೂ ತಡಮಾಡಬಾರದು. ಪೆಟ್ಟಿಗೆ ಕಳಚಿಬಿದ್ದ ಹಾಲುಹಲ್ಲನ್ನು ಮರಳಿ ಕೂರಿಸಬಾರದು, ಏಕೆಂದರೆ ಒಳಗಿರುವ ಶಾಶ್ವತ ಹಲ್ಲಿನ ಮೊಳಕೆಗೆ ಅದರಿಂದ ಘಾಸಿಯಾದೀತು. ಕಳಚಿದ್ದು ಶಾಶ್ವತ ಹಲ್ಲಾದರೆ, ಅದನ್ನು ಹಾಲಿನಲ್ಲಿಟ್ಟುಕೊಂಡು ಸಾಧ್ಯವಾದಷ್ಟು ಬೇಗ, ಒಂದು ಗಂಟೆಯೊಳಗೆ, ದಂತವೈದ್ಯರನ್ನು ತಲುಪಬೇಕು.

ಕೆಲವು ಕಲೆಗಳು ಹೊರಗಿನವಷ್ಟೇ. ಕಬ್ಬಿಣಾಂಶದ ಟಾನಿಕ್ಕಿನಿಂದ ಮೂಡುವ ಕಪ್ಪು ಛಾಯೆ ಇಂಥದ್ದು. ವೈದ್ಯರು ಅದನ್ನು ಉಜ್ಜಿ ತೆಗೆಯಬಲ್ಲರು. ಅಡಿಕೆಯ ಒಗರು ಸುಲಿಯುವವರ ಕೈಗೆ ಹತ್ತುವಂತೆಯೇ ಜಗಿಯುವವರ ಹಲ್ಲಿಗೂ ಹತ್ತುತ್ತದೆ. ಆದರೆ ಅಲ್ಲಿ ಚಿಂತೆ ಕಲೆಯದಲ್ಲ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿರುವುದರಿಂದ, ಸುಲಿತದ ದಿನಗಳಲ್ಲಿ ಮಕ್ಕಳ ಕೈಗೆ ಒಂದು ಚೂರನ್ನೂ ಕೊಡದಿರುವುದೇ ಕ್ಷೇಮ. ಇನ್ನು ಪಾವಗಡ, ಬಾಗೇಪಲ್ಲಿಯಂಥ ಬಯಲುಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್ ತರುವ ಕಲೆ ಮುಖ್ಯವಾಗಿ ಕಾಣುವುದು ಶಾಶ್ವತ ಹಲ್ಲುಗಳಲ್ಲಿ.

ಐದು ವರ್ಷ ತುಂಬುವ ಮೊದಲೇ, ಪೆಟ್ಟು ಬೀಳದೆ ಹಲ್ಲು ಸಡಿಲವಾದರೆ ಅದನ್ನು ಸಹಜವೆಂದು ಬಿಡಬಾರದು. ವಸಡಿನ ಸೋಂಕು, ರಕ್ತದ ಕೆಲವು ಕಾಯಿಲೆಗಳು, ಹಲ್ಲನ್ನು ದವಡೆಗೆ ಬಿಗಿಯುವ ಪದರವೇ ಸರಿಯಾಗಿ ಬೆಳೆಯದ ಹೈಪೋಫಾಸ್ಫಟೇಸಿಯಾ ಎಂಬ ವಿರಳ ಆನುವಂಶಿಕ ರೋಗ, ಇವೆಲ್ಲವೂ ಮೊದಲು ಹಲ್ಲಿನಲ್ಲೇ ಸುಳಿವು ಕೊಡಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಲ್ಲಿ ಒಂದು ಬಾರಿ ನಡೆಯಬೇಕಾದ ತಪಾಸಣೆಯಲ್ಲಿ ಹಲ್ಲೂ ಸೇರಿದೆ. ಆ ದಿನ ಮಗುವನ್ನು ತಪ್ಪಿಸದೆ ಕಳುಹಿಸಬೇಕು. ಮನೆಯಲ್ಲಿ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ ದೊಡ್ಡವರೇ ಹಲ್ಲುಜ್ಜಿಸಬೇಕು.

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಹಂಚಿನ ಮೇಲೆಸೆಯುವ ರೂಢಿಯುಂಟು. ಎಸೆಯುವ ಮೊದಲು ಅದನ್ನೊಮ್ಮೆ ತಿರುಗಿಸಿ ನೋಡಬೇಕು: ಬೇರು ಕರಗಿ ಬುಡ ಟೊಳ್ಳಾಗಿದ್ದರೆ ಅದು ತನ್ನ ಕೆಲಸ ಮುಗಿಸಿ ಹೊರಟ ಹಲ್ಲು, ಬೇರು ಉದ್ದಕ್ಕೆ ಹಾಗೆಯೇ ಉಳಿದಿದ್ದರೆ, ಆ ಹಲ್ಲು ಹಂಚಿನ ಮೇಲಕ್ಕಲ್ಲ, ಮಗುವಿನೊಂದಿಗೆ ವೈದ್ಯರ ಬಳಿಗೆ ಹೋಗಬೇಕು.