ಬಾಗಿಲಲ್ಲಿ ಸಲ್ಲುವ ಟಿಕೆಟ್ಟು

ಹಣ ಕೊಟ್ಟು ಹಾಡು ಕೇಳುವ ರೂಢಿ ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಗೆ ಬಹಳ ಹಳೆಯದಲ್ಲ. ಬಯಲಾಟಕ್ಕೆ ಬಯಲೇ ರಂಗಮಂದಿರ, ಹೊದ್ದು ಬಂದ ಕಂಬಳಿಯೇ ಆಸನ. ಮೆಚ್ಚಿದವರು ಆಯೇರಿ ಮಾಡಿಯಾರು, ಮೆಚ್ಚದವರು ಅಲ್ಲಿಯೇ ನಿದ್ದೆ ಹೋದಾರು. ಹಂಪಿಯ ಪುರಂದರ ಮಂಟಪದಲ್ಲಿ ಆರಾಧನೆಯ ದಿನ ದಾಸರ ಪದಗಳನ್ನು ಕೇಳಬಂದವರನ್ನು ತಡೆದು ಚೀಟಿ ಕೇಳುವವರಿಲ್ಲ. ಸರಕಾರ ನಡೆಸುವ ಹಂಪಿ ಉತ್ಸವಕ್ಕೂ ಪ್ರವೇಶ ಉಚಿತವೇ. ಆದಕಾರಣ ಉತ್ಸವದ 'ಪಾಸು' ಇಂತಿಷ್ಟು ರೂಪಾಯಿಗೆ ಇದೆಯೆಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಮಾತನ್ನು ಅಲ್ಲಿಗೇ ಮುಗಿಸಬಹುದು.

ನಮಗೆ ಟಿಕೆಟ್ಟಿನ ಪಾಠ ಹೇಳಿದವು ನಾಟಕದ ಕಂಪನಿಗಳು ಮತ್ತು ಟೂರಿಂಗ್ ಟಾಕೀಸುಗಳು. ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಣಗಳು ಅಲ್ಲಿದ್ದವು. ಕಿಂಡಿಯಲ್ಲಿ ಕೈ ತೂರಿಸಿ ಪಡೆದ ಬಣ್ಣದ ಚೀಟಿಯನ್ನು ಬಾಗಿಲಲ್ಲಿ ನಿಂತವನು ಅರ್ಧ ಹರಿದು ಇಟ್ಟುಕೊಂಡು ಉಳಿದರ್ಧವನ್ನು ನಮ್ಮ ಕೈಗೆ ಕೊಡುತ್ತಿದ್ದ. ಆ ಹರಿಯುವ ಕ್ರಿಯೆಯಲ್ಲಿ ಎಷ್ಟು ವಿವೇಕವಿತ್ತೆಂಬುದು ನಮಗೆ ಆಗ ಹೊಳೆದಿರಲಿಲ್ಲ. ಹರಿದ ಚೀಟಿ ಹರಿದಂತೆಯೇ ಕಾಣುತ್ತದೆ. ಅದನ್ನು ಇನ್ನೊಬ್ಬನಿಗೆ ಮಾರಲು ಬರುವುದಿಲ್ಲ.

ದೊಡ್ಡ ಚಿತ್ರ ಬಂದಾಗ ಟಾಕೀಸಿನ ಮುಂದೆ ಬ್ಲ್ಯಾಕಿನಲ್ಲಿ ಟಿಕೆಟ್ಟು ಮಾರುವವರೂ ಇದ್ದರು. ಅವರನ್ನು ಸಜ್ಜನರೆಂದು ಹೊಗಳಲಾರೆ. ಆದರೂ ಒಂದು ಮಾತು ಅವರ ಪರವಾಗಿ ಹೇಳಬೇಕು. ಎರಡರಷ್ಟು ಕೇಳಿದರೂ ಅವರು ಕೊಡುತ್ತಿದ್ದುದು ನಿಜವಾದ ಟಿಕೆಟ್ಟು. ಅದನ್ನು ಮುಟ್ಟಿ ನೋಡಿ ಹಣ ಕೊಡುತ್ತಿದ್ದೆವು. ಹತ್ತು ಹೆಜ್ಜೆ ಆಚೆ ಬಾಗಿಲು, ಮಾರಿದವನು ಇನ್ನೂ ಕಣ್ಣೆದುರಿಗೇ. ಅವನದು ದುರಾಶೆ, ವಂಚನೆಯಲ್ಲ. ಇಂದು ಅಂತರ್ಜಾಲದ ಸಂತೆಯಲ್ಲಿ ಕುಳಿತವನ ರೀತಿಯೇ ಬೇರೆ. ಅವನು ಹೆಚ್ಚು ಬೆಲೆ ಕೇಳುವುದೇ ಇಲ್ಲ. ಕೊಂಡ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಮೆಗೆ ಕೊಡುತ್ತಾನೆ. ತಾಯಿಗೆ ಅನಾರೋಗ್ಯ, ಹೋಗಲಾಗುತ್ತಿಲ್ಲ, ಟಿಕೆಟ್ಟು ವ್ಯರ್ಥವಾಗಬಾರದೆಂದಷ್ಟೇ ಆಸೆ ಎನ್ನುತ್ತಾನೆ. ಕೇಳಿದವನ ಮನಸ್ಸು ಕರಗುತ್ತದೆ. ಚೌಕಾಶಿ ಮಾಡಲು ಸಹ ನಾಚಿಕೆಯಾಗುತ್ತದೆ.

ಇದರ ಪೆಟ್ಟು ನಮ್ಮ ಊರುಗಳವರಿಗೆ ಹೆಚ್ಚು ತಾಗುವುದಕ್ಕೆ ಕಾರಣವಿದೆ. ದೊಡ್ಡ ಕಛೇರಿಗಳೆಲ್ಲ ದೂರದ ನಗರಗಳಲ್ಲಿ. ಎಡ್ ಶೀರನ್ ಎಂಬ ಆಂಗ್ಲ ಗಾಯಕ 2025ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದು ಎರಡು ಸಂಜೆ ಹಾಡಿದನಷ್ಟೆ. ಸಂಡೂರಿನ ವಿದ್ಯಾರ್ಥಿಯೊಬ್ಬ ಇಂಥದೊಂದು ಕಛೇರಿಗೆ ಹೊರಟನೆಂದು ಭಾವಿಸೋಣ. ಬೆಂಗಳೂರಿನವನು ಟಿಕೆಟ್ಟು ಸುಳ್ಳಾದರೆ ಮನೆಗೆ ಹಿಂದಿರುಗಿಯಾನು. ಈ ಹುಡುಗ ಹೊಸಪೇಟೆಗೆ ಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸು ಹತ್ತಬೇಕು, ರೈಲಿನ ಸೀಟನ್ನು ಮುಂಗಡವಾಗಿ ಕಾದಿರಿಸಿರಬೇಕು, ಮನೆಯವರನ್ನು ಒಪ್ಪಿಸಿರಬೇಕು. ರೈಲಿನ ಟಿಕೆಟ್ಟಿದ್ದು ಕಛೇರಿಯ ಟಿಕೆಟ್ಟಿಲ್ಲದವನು ಅವಸರದಲ್ಲಿರುತ್ತಾನೆ. "ಇನ್ನಿಬ್ಬರು ಕೇಳುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಹೇಳಿ" ಎಂಬ ಮಾತು ನಾಟುವುದು ಇಂಥವನಿಗೇ.

ಅವಸರ ಹುಟ್ಟುವುದಕ್ಕೆ ಟಿಕೆಟ್ಟಿನ ಅಭಾವವೂ ಕಾರಣ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ತಂಡದ ಮುಂಬಯಿ ಕಛೇರಿಗಳ ಟಿಕೆಟ್ಟುಗಳು ಮಾರಾಟಕ್ಕೆ ಬಂದೊಡನೆಯೇ ಮುಗಿದುಹೋದವು. 2,500 ರೂಪಾಯಿಗಳಿಂದ ಆರಂಭವಾದ ಟಿಕೆಟ್ಟುಗಳಿಗೆ ಮರುಮಾರಾಟದಲ್ಲಿ ಲಕ್ಷಗಳ ಮಾತು ಕೇಳಿಬಂತು. ಮರುತಿಂಗಳು ಜಾರಿ ನಿರ್ದೇಶನಾಲಯವು ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿತು. ಕಾಳಸಂತೆಯ ಜೊತೆಗೆ ನಕಲಿ ಟಿಕೆಟ್ಟುಗಳ ಮಾರಾಟವೂ ಆಗ ಬೆಳಕಿಗೆ ಬಂತು.

ಈ ವಂಚನೆಯ ಮೂಲ, ಹರಿಯಲಾಗದ ಟಿಕೆಟ್ಟಿನಲ್ಲಿದೆ. ಇಂದಿನ ಟಿಕೆಟ್ಟೆಂದರೆ ಕಪ್ಪು ಬಿಳುಪು ಚೌಕಗಳ ಒಂದು ಕ್ಯೂಆರ್ ಚಿತ್ರ. ಬಾಗಿಲಿನ ಯಂತ್ರ ಅದನ್ನು ಒಮ್ಮೆ ಓದಿತೆಂದರೆ ಟಿಕೆಟ್ಟು ಸಂದುಹೋಯಿತು. ಚಿತ್ರ ಮಾತ್ರ ಹೊಸದರಂತೆಯೇ ಉಳಿಯುತ್ತದೆ. ಒಂದೇ ಚಿತ್ರವನ್ನು ಹತ್ತು ಮಂದಿಗೆ ಕಳುಹಿಸಿದರೆ ಹತ್ತೂ ನಿಜವಾದವೇ. ಮೊದಲು ಬಂದವನು ಒಳಗೆ ಹೋಗುತ್ತಾನೆ, ಉಳಿದ ಒಂಬತ್ತು ಮಂದಿ ಹೊರಗೆ. ಆದ್ದರಿಂದ "ಟಿಕೆಟ್ಟಿನ ಚಿತ್ರ ಕಳುಹಿಸಿ" ಎಂದು ಕೇಳಿ, ಅದು ಬಂದೊಡನೆ ಸಮಾಧಾನಗೊಳ್ಳುವುದರಲ್ಲಿ ಅರ್ಥವಿಲ್ಲ. ಬಾಗಿಲಿನವನು ನನ್ನನ್ನು ಒಪ್ಪುವನೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಟಿಕೆಟ್ಟು ಮಾರಿದ ಮೂಲ ಸಂಸ್ಥೆಯ ಆ್ಯಪಿನಲ್ಲಿಯೇ ಅದನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಏರ್ಪಾಡಿದ್ದರೆ, ವರ್ಗವಾಗಿ ನಮ್ಮ ಖಾತೆಯಲ್ಲಿ ಕಾಣಿಸಿದ ಟಿಕೆಟ್ಟಿಗಷ್ಟೇ ಹಣ ಸಲ್ಲಬೇಕು. ವರ್ಗಾವಣೆಯೇ ಇಲ್ಲದ, ಗುರುತಿನ ಚೀಟಿ ಕೇಳುವ ಕಛೇರಿಯಾದರೆ ಅಪರಿಚಿತನಿಂದ ಕೊಳ್ಳುವ ವಿಚಾರವನ್ನೇ ಬಿಡುವುದು ಮೇಲು. ಹಾಡು ತಪ್ಪಿತೆಂಬ ದುಃಖ ದೊಡ್ಡದೇ, ನಿಜ. ಹಣ ಕಳೆದುಕೊಂಡು, ಪರಸ್ಥಳದಲ್ಲಿ, ಬಾಗಿಲಿನಾಚೆ ನಿಂತು ಆ ಹಾಡನ್ನೇ ಕೇಳುವ ದುಃಖ ಅದಕ್ಕಿಂತ ದೊಡ್ಡದು.

ಹಣ ಸಲ್ಲಿಸುವಾಗ ಯುಪಿಐ ಪರದೆಯ ಮೇಲೆ ಖಾತೆದಾರನ ಹೆಸರು ಮೂಡುತ್ತದೆ. ಮಾರುವವನು ಹೇಳಿದ ಹೆಸರು ಒಂದು, ಪರದೆಯ ಹೆಸರು ಇನ್ನೊಂದು ಆಗಿದ್ದರೆ "ಅದು ನಮ್ಮಣ್ಣನ ಖಾತೆ" ಎಂಬ ಸಮಜಾಯಿಷಿಯನ್ನು ನಂಬಬೇಕಾಗಿಲ್ಲ. ಕೆಲವರ ಕೈಚಳಕ ಇನ್ನೂ ಮುಂದುವರಿದದ್ದು. ಹಣ ಬಂದಿಲ್ಲವೆಂದು ಹೇಳಿ ಮತ್ತೊಮ್ಮೆ ಕಳುಹಿಸಿಕೊಳ್ಳುತ್ತಾರೆ. ಬಳಿಕ ಹೆಚ್ಚಿನದನ್ನು ಹಿಂದಿರುಗಿಸುತ್ತೇವೆಂದು ಒಂದು ಕ್ಯೂಆರ್ ಕೊಟ್ಟು, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾರೆ. ಹಣ ಪಡೆಯುವವನು ಪಿನ್ ಒತ್ತಬೇಕಾದ ಪ್ರಸಂಗವೇ ಇಲ್ಲ. ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಮೋಸ ಹೋದ ವಿದ್ಯಾರ್ಥಿಗಳು ನಾಚಿಕೆಯಿಂದ ಮನೆಯಲ್ಲಿ ಹೇಳುವುದಿಲ್ಲ. ಅಧ್ಯಾಪಕರಿಗಂತೂ ಹೇಳುವುದೇ ಇಲ್ಲ. ಈ ಮೌನದಲ್ಲಿ ಕಳೆಯುವ ಗಳಿಗೆಗಳೇ ವಂಚಕನಿಗೆ ಲಾಭ. 1930 ಎಂಬ ಸಂಖ್ಯೆಗೆ ಕೂಡಲೇ ಕರೆ ಮಾಡಿ ದೂರು ಕೊಟ್ಟರೆ, ಹಣ ಇನ್ನೂ ವಂಚಕನ ಖಾತೆಯಲ್ಲಿದ್ದ ಪಕ್ಷದಲ್ಲಿ ಅದನ್ನು ತಡೆಹಿಡಿಯಲು ಅವಕಾಶವಿದೆ. ಅಲ್ಲಿಂದ ಮತ್ತೊಂದು ಖಾತೆಗೆ ದಾಟಿದಂತೆಲ್ಲ ಆ ಅವಕಾಶ ಕ್ಷೀಣಿಸುತ್ತದೆ. ಕರೆ ಮಾಡುವಾಗ ಹಣ ಸಂದಾಯದ ಸಂಖ್ಯೆ, ವೇಳೆ, ಮೊತ್ತ ಕೈಯಲ್ಲಿರಬೇಕು. ಮಾರಿದವನೊಡನೆ ನಡೆದ ಸಂಭಾಷಣೆಯನ್ನು ಸಿಟ್ಟಿನಲ್ಲಿ ಅಳಿಸಿಹಾಕುವವರಿದ್ದಾರೆ. ಪೊಲೀಸರು ಮೊದಲು ಕೇಳುವ ಸಾಕ್ಷ್ಯಗಳಲ್ಲಿ ಅದೂ ಒಂದು.