ಕಲ್ಲುಹೂವಿನ ಗುರುತು

ಅಡುಗೆಮನೆಯ ಸಂಬಾರದ ಡಬ್ಬಿಯಲ್ಲಿ ಕಲ್ಲುಹೂವನ್ನು ನೋಡದವರು ವಿರಳ. ಅದು ಏನೆಂದು ಹೇಳಬಲ್ಲವರು ಇನ್ನೂ ವಿರಳ. ಹೆಸರು ಹೂವೆಂದಿದ್ದರೂ ಅದು ಹೂವಲ್ಲ. ಕಲ್ಲಿನ ಮೇಲಷ್ಟೇ ಬೆಳೆಯುವುದೂ ಇಲ್ಲ. ಸಹ್ಯಾದ್ರಿಯ ಮಂಜು ಮುಸುಕಿದ ಶೋಲಾ ಕಾಡುಗಳಲ್ಲಿ ಮರದ ತೊಗಟೆಯನ್ನೇ ನೆಲೆಮಾಡಿಕೊಂಡು ಅದು ಬೆಳೆಯುತ್ತದೆ. ಈ ವರ್ಗಕ್ಕೆಲ್ಲ ವಿಜ್ಞಾನಿಗಳಿಟ್ಟ ಹೆಸರು ಲೈಕೆನ್.

ಲೈಕೆನ್ ಒಂದೇ ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರವು ಮನೆಯನ್ನು ಕಟ್ಟುತ್ತದೆ. ಅದರೊಳಗೆ ನೆಲೆಸಿದ ಪಾಚಿಯು ಬಿಸಿಲಿನ ನೆರವಿನಿಂದ ಆಹಾರವನ್ನು ಸಿದ್ಧಪಡಿಸುತ್ತದೆ. 1867ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಈ ಸಂಗತಿಯನ್ನು ಸಾರಿದಾಗ ಅನೇಕ ಪಂಡಿತರು ಅದನ್ನು ನಂಬಲಿಲ್ಲ.

ಲೈಕೆನ್‌ಗಳನ್ನು ಗುರುತಿಸುವ ಕಾರ್ಯ ಕಣ್ಣಿನಿಂದ ಆರಂಭವಾಗುತ್ತದೆ. ಕೆಲವು ತೊಗಟೆಗೆ ಹಕ್ಕಳೆಯಂತೆ ಅಂಟಿರುತ್ತವೆ. ಕೆಲವು ಎಲೆಯಂತೆ ಹರಡುತ್ತವೆ. ಅಸ್ನಿಯದಂಥವು ಮುದುಕನ ಗಡ್ಡದಂತೆ ಕೊಂಬೆಯಿಂದ ಜೋಲುತ್ತವೆ. ಆದರೆ ಕಣ್ಣೊಂದೇ ಸಾಲದೆಂಬುದನ್ನು ನಾನು ಕಲಿತದ್ದು ಬಾಬಾಬುಡನ್‌ಗಿರಿಯ ಒಂದು ಮರದಡಿಯಲ್ಲಿ. ಅಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಬೂದುಬಣ್ಣದ ಎಲೆಲೈಕೆನ್‌ಗಳನ್ನು ತೋರಿಸಿ, ಎರಡೂ ಒಂದೇ ಜಾತಿಯೆಂದು ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಹೇಳಿಬಿಟ್ಟೆ. ಜೊತೆಗಿದ್ದ ಸಸ್ಯಶಾಸ್ತ್ರದ ಅಧ್ಯಾಪಕರು ನಕ್ಕು ಎರಡು ಚಿಕ್ಕ ಸೀಸೆಗಳನ್ನು ಹೊರತೆಗೆದರು.

ಒಂದರಲ್ಲಿ ದಾಹಕ ಪೊಟ್ಯಾಷ್ ದ್ರಾವಣ, ಇನ್ನೊಂದರಲ್ಲಿ ಚಲುವೆಪುಡಿಯ ದ್ರಾವಣ. ಅವರು ಅಲಗಿನಿಂದ ಮೇಲ್ಪದರವನ್ನು ಕೆರೆದು, ಒಳಗಿನ ಬಿಳಿಯ ಪದರಕ್ಕೆ ತೊಟ್ಟಿಕ್ಕಿದರು. ಚಲುವೆಪುಡಿಯ ತೊಟ್ಟಿಗೆ ಮೊದಲನೆಯದು ಕೂಡಲೇ ಕೆಂಪಾಯಿತು: ಅದು ಪಾರ್ಮೊಟ್ರೀಮ ಟಿಂಕ್ಟೋರಮ್. ಎರಡನೆಯದು ಅದಕ್ಕೆ ಜಗ್ಗಲಿಲ್ಲ. ಪೊಟ್ಯಾಷ್ ತಾಗಿದಾಗ ಮಾತ್ರ ಹಳದಿಯಾಗಿ, ಬಳಿಕ ಕೆಂಪಿಗೆ ತಿರುಗಿತು: ಅದು ಪಾರ್ಮೊಟ್ರೀಮ ರೆಟಿಕ್ಯುಲೇಟಮ್. ಮೊದಲನೆಯದರಲ್ಲಿ ಲೆಕನೋರಿಕ್ ಆಮ್ಲವೂ ಎರಡನೆಯದರಲ್ಲಿ ಸಲಜಿನಿಕ್ ಆಮ್ಲವೂ ಇರುವುದೇ ಇದರ ಕಾರಣ. ಬಳಿಕ ಮಸೂರದಿಂದ ನೋಡಿದಾಗ ಒಂದರ ಮೈಮೇಲೆ ನವುರಾದ ಕಡ್ಡಿಗಳೂ ಇನ್ನೊಂದರ ಅಂಚಿನಲ್ಲಿ ಹಿಟ್ಟಿನಂಥ ಪುಡಿಯೂ ಕಂಡವು. ಇವೇ ಅವುಗಳ ಸಂತಾನದ ಬೀಜಗಳೆನ್ನಬಹುದು.

ಈ ತೊಟ್ಟಿನ ಪರೀಕ್ಷೆಯನ್ನು 1866ರಲ್ಲಿ ಬಳಕೆಗೆ ತಂದವನು ವಿಲಿಯಂ ನೈಲಾಂಡರ್. ಶ್ವೆಂಡೆನರನ ಮತವನ್ನು ಕೊನೆಯವರೆಗೂ ಒಪ್ಪದವನೂ ಇವನೇ! ಆದರೂ ಅವನ ಪರೀಕ್ಷೆ ಇಂದಿಗೂ ಉಳಿದಿದೆ.

ಭೌತವಿಜ್ಞಾನಕ್ಕೂ ಇಲ್ಲಿ ಪಾತ್ರವಿದೆ. ತಪ್ಪಲಿನ ಮರಗಳಲ್ಲಿ ಕಾಣುವ ಪಿಕ್ಸಿನ್ ಕೊಕೋಯೆಸ್ ಮತ್ತು ಡಿರಿನೇರಿಯ ಅಪ್ಲಾನೇಟ ಎಂಬವು ನೋಟಕ್ಕೆ ಅವಳಿಗಳಂತಿವೆ. ಕತ್ತಲ ಕೋಣೆಯಲ್ಲಿ 365 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ದೀಪವನ್ನು ಹಿಡಿದರೆ ಪಿಕ್ಸಿನ್ ಮಾತ್ರ ಹಳದಿಯಾಗಿ ಬೆಳಗುತ್ತದೆ. ಅದರಲ್ಲಿರುವ ಲೈಕೆಕ್ಸಾಂಥೋನ್ ಕಾಣದ ಕಿರಣವನ್ನು ಹೀರಿ, ಶಕ್ತಿಯ ಒಂದಂಶವನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಹೆಚ್ಚು ಅಲೆಯುದ್ದದ, ಕಣ್ಣಿಗೆ ಕಾಣುವ ಬೆಳಕಾಗಿ ಹೊರಸೂಸುತ್ತದೆ.

ಯಾವ ಒಂದು ಪರೀಕ್ಷೆಯೂ ಅಂತಿಮವಲ್ಲ. ಆಕಾರ, ಬೀಜಕಣ, ರಾಸಾಯನಿಕ, ಇವೆಲ್ಲ ಕೂಡಿದಾಗಲೇ ಹೆಸರು ಖಚಿತವಾಗುತ್ತದೆ. ಡಿ. ಡಿ. ಅವಸ್ಥಿಯವರು 1988ರಲ್ಲಿ ಭಾರತ ಮತ್ತು ನೇಪಾಳಗಳ ದೊಡ್ಡ ಲೈಕೆನ್‌ಗಳಿಗಾಗಿ ರಚಿಸಿದ ಗುರುತಿನ ಕೈಪಿಡಿ ಈ ದಾರಿಯಲ್ಲಿ ನಡೆಯುವವರಿಗೆ ಊರುಗೋಲು.

ಊರಿಗೆ ಮರಳಿ ನಮ್ಮ ಮನೆಯ ಡಬ್ಬಿಯ ಕಲ್ಲುಹೂವನ್ನು ಪರೀಕ್ಷಿಸಿದೆ. ಕೆಲವು ಚೂರು ಚಲುವೆಪುಡಿಗೆ ಕೆಂಪಾದವು, ಕೆಲವು ಪೊಟ್ಯಾಷಿಗೆ. ಒಂದೇ ಪೊಟ್ಟಣದಲ್ಲಿ ಹಲವು ಜಾತಿಗಳು! ಕಾಡಿನಲ್ಲಿ ಕೆರೆದು ತೆಗೆಯುವ ಕೈಗೆ ಸಾಮಾನ್ಯವಾದುದೂ ಅಪೂರ್ವವಾದುದೂ ಒಂದೇ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಇಂಥ ಜೀವಿಗಳು ಅಂಗೈಯಗಲವಾಗಲು ಹಲವು ವರ್ಷಗಳೇ ಬೇಕು. ಗುರುತಿಗೆ ಉಗುರಿನಷ್ಟು ಚೂರು ಸಾಕು. ಮಿಕ್ಕುದನ್ನು ಮರಕ್ಕೇ ಬಿಡೋಣ. ಹೆಸರು ತಿಳಿಯದ ವಸ್ತು ಕಳೆದುಹೋದರೆ, ಕಳೆದುದೇನೆಂಬುದೂ ನಮಗೆ ತಿಳಿಯದು.