ರಕ್ತದೊತ್ತಡದ ಅಳತೆ

'ಅವರಿಗೆ ಬಿ.ಪಿ. ಇದೆ' ಎಂಬ ಪ್ರಯೋಗವು ಇಂದು ಆಡುಮಾತಿನಲ್ಲಿ ರೂಢವಾಗಿದೆ. ಶಬ್ದಾರ್ಥವನ್ನು ಹಿಡಿದು ನೋಡಿದರೆ ಇದು ವಿಚಿತ್ರವಾದ ಮಾತು. ಏಕೆಂದರೆ ರಕ್ತದೊತ್ತಡವು ಬದುಕಿರುವ ಪ್ರತಿಯೊಬ್ಬರಿಗೂ ಇದ್ದೇ ಇರತಕ್ಕದ್ದು. ಏರಿದ ಒತ್ತಡಕ್ಕೆ ಸಲ್ಲಬೇಕಾದ ಹೆಸರು ಒತ್ತಡಕ್ಕೇ ಸಂದುಹೋಗಿದೆ. ಒಂದು ಅಳತೆಯೇ ಹೀಗೆ ರೋಗದ ಹೆಸರಾಗಿ ನಿಂತಿರುವಾಗ, ಆ ಅಳತೆಯು ಹೇಗೆ ದೊರೆಯುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ವಿಚಾರವು ಅಪ್ರಸ್ತುತವಾಗಲಾರದು. ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಕೇಳುವುದಾದರೆ, ಇದು ಪ್ರತ್ಯಕ್ಷವೋ ಅನುಮಾನವೋ?

ಹೃದಯವು ಸಂಕೋಚಗೊಂಡು ರಕ್ತವನ್ನು ಮಹಾಧಮನಿಗೆ ನೂಕಿದಾಗ ಧಮನಿಗಳ ಗೋಡೆಯ ಮೇಲಣ ಒತ್ತಡವು ಪರಮಾವಧಿಗೆ ಏರುತ್ತದೆ; ಹೃದಯವು ಸಡಿಲಗೊಂಡು ಮತ್ತೆ ತುಂಬಿಕೊಳ್ಳುತ್ತಿರುವಾಗ ಇಳಿಯುತ್ತ ಬಂದು, ಮುಂದಣ ಬಡಿತಕ್ಕೆ ತುಸು ಮುನ್ನ ಕನಿಷ್ಠವಾಗುತ್ತದೆ. ಮೊದಲನೆಯದು ಸಂಕೋಚನದ ಒತ್ತಡ, ಎರಡನೆಯದು ವಿಕಸನದ ಒತ್ತಡ. ವೈದ್ಯರು ೧೨೦/೮೦ ಎಂದು ಬರೆದರೆ, ಆ ಒತ್ತಡಗಳು ಪಾದರಸದ ಕಂಬವನ್ನು ಕ್ರಮವಾಗಿ ೧೨೦ ಮತ್ತು ೮೦ ಮಿಲಿಮೀಟರು ಎತ್ತರಕ್ಕೆ ಎತ್ತಿ ನಿಲ್ಲಿಸಬಲ್ಲವು ಎಂದರ್ಥ.

ಈ ಒತ್ತಡವನ್ನು ಪ್ರತ್ಯಕ್ಷವಾಗಿ ತೋರಿಸಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ೧೭೩೩ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಈ ಪ್ರಯೋಗದ ವರ್ಣನೆಯಿದೆ. ಕಟ್ಟಿ ಮಲಗಿಸಿದ ಹೆಣ್ಣು ಕುದುರೆಯೊಂದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ನಳಿಗೆಯನ್ನು ನಿಲ್ಲಿಸಿದಾಗ, ರಕ್ತವು ಎಂಟು ಅಡಿ ಮೂರು ಅಂಗುಲದವರೆಗೆ ಏರಿತು. ಪಾದರಸದ ಲೆಕ್ಕಕ್ಕೆ ತಂದರೆ ಇದು ಸುಮಾರು ೧೯೫ ಮಿಲಿಮೀಟರು. ಪಾದರಸವು ನೀರಿಗಿಂತ ೧೩.೬ ಪಾಲು ಭಾರವಾದುದರಿಂದ, ೧೮೨೮ರಲ್ಲಿ ಫ್ರಾನ್ಸಿನ ಪ್ವಾಸೇಯ್ ಅದನ್ನು ಬಳಸಿ ಕಂಬವನ್ನು ಗಿಡ್ಡಗೊಳಿಸಿದನು. ಆದರೆ ಧಮನಿಯನ್ನು ಕೊಯ್ಯದೆ ಅಳೆಯುವ ಉಪಾಯವಿಲ್ಲದಿದ್ದರೆ ಈ ಅಳತೆಯಿಂದ ನಿತ್ಯದ ವೈದ್ಯಕ್ಕೆ ಪ್ರಯೋಜನವೇನು?

೧೮೯೬ರಲ್ಲಿ ಇಟಲಿಯ ರೀವಾ-ರೋಚ್ಚಿ ಎಂಬ ವೈದ್ಯನು ತೋಳಿಗೆ ಸುತ್ತುವ, ಗಾಳಿ ತುಂಬುವ ರಬ್ಬರಿನ ಪಟ್ಟಿಯನ್ನು ಬಳಕೆಗೆ ತಂದನು. ಪಟ್ಟಿಯನ್ನು ಉಬ್ಬಿಸುತ್ತ ಹೋದರೆ ಧಮನಿಯು ಮುಚ್ಚಿ, ಮಣಿಕಟ್ಟಿನ ನಾಡಿಯು ನಿಂತುಹೋಗುತ್ತದೆ. ಆಗಿನ ಪಾದರಸದ ಮಟ್ಟವೇ ಮೇಲಿನ ಒತ್ತಡ. ಕೆಳಗಿನದು ಮಾತ್ರ ಈ ಕ್ರಮದಲ್ಲಿ ಸಿಕ್ಕಲಿಲ್ಲ. ಆ ಕೊರತೆಯನ್ನು ೧೯೦೫ರಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ ತುಂಬಿದನು. ಪಟ್ಟಿಯ ಕೆಳಗೆ, ಮೊಳಕೈಯ ಒಳಮಗ್ಗುಲಲ್ಲಿ, ಧಮನಿಯ ಮೇಲೆ ಸ್ಟೆತೊಸ್ಕೋಪನ್ನು ಇಟ್ಟು ಕೇಳಬೇಕೆಂಬುದೇ ಅವನು ಕಂಡುಕೊಂಡ ಮಾರ್ಗ. ಧಮನಿಯು ಪೂರ್ಣವಾಗಿ ಮುಚ್ಚಿರುವಾಗ ಅಲ್ಲಿ ಸದ್ದಿಲ್ಲ. ಪೂರ್ಣವಾಗಿ ತೆರೆದಿರುವಾಗಲೂ ಸದ್ದಿಲ್ಲ. ಇವೆರಡರ ನಡುವೆ, ಪ್ರತಿಯೊಂದು ಬಡಿತದಲ್ಲಿಯೂ ಧಮನಿಯು ತೆರೆದು ಮುಚ್ಚುವಾಗ ಮಾತ್ರ, ತಟ್ಟಿದಂತಹ ಶಬ್ದವು ಕೇಳಿಸುತ್ತದೆ. ಗಾಳಿಯನ್ನು ಮೆಲ್ಲಗೆ ಇಳಿಸುತ್ತಿರುವಾಗ ಶಬ್ದವು ಮೊದಲಾಗುವ ಮಟ್ಟವು ಸಂಕೋಚನದ ಒತ್ತಡ. ಅಡಗುವ ಮಟ್ಟವು ವಿಕಸನದ ಒತ್ತಡ.

ಇಲ್ಲಿ ಒತ್ತಡವು ನಮಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಶಬ್ದದ ಎರಡು ಅಂಚುಗಳಿಂದ ಅದನ್ನು ಊಹಿಸುತ್ತೇವೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಇದೂ ಅನುಮಾನವೇ. ಅನುಮಾನವಾದ ಮೇಲೆ ಹೇತುವು ನಿರ್ದುಷ್ಟವಾಗಿರಬೇಕಷ್ಟೆ. ಹೇತ್ವಾಭಾಸಕ್ಕೆ ಇಲ್ಲಿ ಎಡೆಗಳು ಹಲವು. ಕೆಲವರಲ್ಲಿ ಶಬ್ದವು ನಡುವೆ ಅಡಗಿ, ಕೆಳಗೆ ಮತ್ತೆ ತಲೆದೋರುತ್ತದೆ. ಪಟ್ಟಿಯನ್ನು ಸಾಕಷ್ಟು ಉಬ್ಬಿಸದವನು ಎರಡನೆಯ ಆರಂಭವನ್ನೇ ಮೊದಲನೆಯದೆಂದು ಭ್ರಮಿಸಿ, ಏರಿದ ಒತ್ತಡವನ್ನು ಸಹಜವೆಂದು ಬರೆದುಬಿಡುತ್ತಾನೆ. ಆದುದರಿಂದಲೇ ಮೊದಲು ನಾಡಿಯನ್ನು ಹಿಡಿದು, ಅದು ನಿಂತ ಮಟ್ಟಕ್ಕಿಂತಲೂ ೨೦–೩೦ ಮಿಲಿಮೀಟರು ಮೇಲಕ್ಕೆ ಏರಿಸಿ, ಬಳಿಕ ಸೆಕೆಂಡಿಗೆ ಎರಡು ಮಿಲಿಮೀಟರಿನಂತೆ ಇಳಿಸಬೇಕೆಂಬ ನಿಯಮವಿದೆ. ದಪ್ಪ ತೋಳಿಗೆ ಕಿರಿದಾದ ಪಟ್ಟಿಯನ್ನು ಕಟ್ಟಿದರೆ ಇಲ್ಲದ ಒತ್ತಡವು ಕಾಣಿಸಿಕೊಳ್ಳುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರು ಕೆಳಗಿದ್ದರೆ, ಆ ಎತ್ತರದ ರಕ್ತದ ಭಾರವೇ ಏಳೆಂಟು ಮಿಲಿಮೀಟರನ್ನು ಕೂಡಿಸುತ್ತದೆ. ಅಳೆಯುವಾಗ ಮಾತನಾಡಿದರೂ, ಅದಕ್ಕೆ ಮುನ್ನ ಕಾಫಿ ಕುಡಿದಿದ್ದರೂ, ವೈದ್ಯನನ್ನು ಕಂಡು ಅಳುಕಿದರೂ ಅಂಕೆಯು ಏರಬಹುದು. ಬೆನ್ನಿಗೆ ಒರಗುಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತಿರಬೇಕೆಂಬುದು ಆದುದರಿಂದ ಉಪಚಾರದ ಮಾತಲ್ಲ. ಅದು ಅಳತೆಯ ಒಂದು ಅಂಗ.

ಮನೆಗಳಲ್ಲಿಯೂ ಬಳಸುವ ಇಂದಿನ ಸ್ವಯಂಚಾಲಿತ ಯಂತ್ರಗಳು ಸಾಮಾನ್ಯವಾಗಿ ಶಬ್ದವನ್ನು ಕೇಳುವುದಿಲ್ಲ; ಪಟ್ಟಿಯೊಳಗಣ ಗಾಳಿಯ ಕಂಪನವನ್ನು ಗ್ರಹಿಸಿ, ತಯಾರಕರು ಅಳವಡಿಸಿದ ಗಣಿತದಿಂದ ಎರಡು ಅಂಕೆಗಳನ್ನೂ ನಿರ್ಣಯಿಸುತ್ತವೆ. ಅನುಮಾನವು ಇಲ್ಲಿ ಇನ್ನೊಂದು ಮೆಟ್ಟಿಲು ದೂರ ಸರಿದಿದೆ. ವಿಷಕಾರಿಯಾದ ಪಾದರಸವನ್ನು ಕಡಿಮೆಮಾಡಲು ೨೦೧೩ರಲ್ಲಿ ಅಂಗೀಕೃತವಾದ ಮಿನಮಾತ ಒಪ್ಪಂದದ ತರುವಾಯ ಹಳೆಯ ಪಾದರಸದ ಉಪಕರಣಗಳೂ ಮರೆಯಾಗುತ್ತಿವೆ. ವಸ್ತುವು ಹೋದರೂ ಅದರ ಹೆಸರು ಮಾತ್ರ ಅಳತೆಯ ಮಾನದಲ್ಲಿ ಉಳಿದಿದೆ. ಭಾಷೆಯಲ್ಲಿ ಇಂತಹವು ಅಪರೂಪವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಎರಡು ಬೇರೆ ಬೇರೆ ದಿನಗಳಲ್ಲಿ ಅಳೆದಾಗ ಎರಡು ದಿನವೂ ಮೇಲಿನದು ೧೪೦ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೆ ಕೆಳಗಿನದು ೯೦ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಏರೊತ್ತಡ. ಈ ಗೆರೆಯ ಆಸುಪಾಸಿನಲ್ಲಿರುವವನ ವಿಷಯದಲ್ಲಿ ಏಳೆಂಟು ಮಿಲಿಮೀಟರಿನ ತಪ್ಪು ಸಣ್ಣದಲ್ಲ: ಆರೋಗ್ಯವಂತನು ಆಜೀವ ಔಷಧಕ್ಕೆ ಕಟ್ಟುಬೀಳಬಹುದು, ಅಪಾಯದಲ್ಲಿರುವವನು ನಿಶ್ಚಿಂತನಾಗಿ ಮನೆಗೆ ಮರಳಬಹುದು. ಒಂದೇ ಅಂಕೆಯಿಂದ ತೀರ್ಪು ಕೊಡಬಾರದೆಂಬ ವೈದ್ಯಶಾಸ್ತ್ರದ ವಿಧಿಗೆ ಇದೇ ಆಧಾರ. ಅಂಕೆಯನ್ನು ಓದುವ ಮೊದಲು ಅದು ದೊರೆತ ಬಗೆಯನ್ನು ವಿಚಾರಿಸತಕ್ಕದ್ದು.